ಒಂದೇ ಕ್ಷಣಕ್ಕೆ ಬಂದ ಎರಡು ಮಾತು

ಈಚೆಗೆ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ನೆರೆಮನೆಯ ಹುಡುಗಿ ಒಂದು ದಿನ ಕೇಳಿದಳು.

"ಆಂಟಿ, ನೀವೂ ಆ ಕಾಲ್ದಲ್ಲೇ ಚಾಟ್ ಅಪ್ಲಿಕೇಶನ್ ಬರ್ದಿದ್ರಂತೆ? ಎಷ್ಟು ಯೂಸರ್ಸ್ ಇದ್ರು?"

"ನಾಲ್ಕು."

"ನಾಲ್ಕು ಸಾವಿರಾನಾ?"

"ನಾಲ್ಕು ಜನ ಕಣಮ್ಮ."

ಅವಳು ನಕ್ಕಳು. ನಗಲಿ, ತಪ್ಪೇನಿಲ್ಲ. ಆದರೆ ಈ ಕೆಲಸದಲ್ಲಿ ನಾಲ್ಕು ಜನವೂ ಬೇಕಾಗಿಲ್ಲ, ಇಬ್ಬರು ಸಾಕು. ಇಬ್ಬರು ಒಂದೇ ಕ್ಷಣಕ್ಕೆ ಗುಂಡಿ ಒತ್ತಿದರೆ ಏನಾಗಬಹುದು ಎನ್ನುವುದನ್ನು ನಾನು ಹೇಗೆ ಕಲಿತೆ ಎಂದು ಅವಳಿಗೆ ಅಂದು ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎನ್ನುವುದೆಲ್ಲ ಸರ್ವಿಸ್ ಪುಸ್ತಕದಲ್ಲಿ ಬಿದ್ದಿದೆ, ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ.

ನಮ್ಮೂರು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ. ಅಪ್ಪ, ಅಮ್ಮ ಇಬ್ಬರದೂ ಹೆಬ್ಬೆಟ್ಟು. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳಕ್ಕೆ ಹಾಕಿ, ಆಮೇಲೆ ಬಸ್ಸು ಹಿಡಿದು ಕಾಲೇಜಿಗೆ ಹೋದವಳು ನಾನು. ರೇಷ್ಮೆಹುಳು ಗೂಡು ಕಟ್ಟುವ ಹೊತ್ತಿಗೇ ಪರೀಕ್ಷೆ ಬಂದರೆ ಅವು ಗೂಡು ಕಟ್ಟುವ ಬಿದಿರಿನ ತಟ್ಟೆ, ಚಂದ್ರಿಕೆಗಳ ಪಕ್ಕ ಕೂತು ಓದುತ್ತಿದ್ದೆ. ಪಾಸಾದ ದಿನ ಅಪ್ಪ ಊರ ತುಂಬ ಹೇಳಿಕೊಂಡು ಬಂದರು: "ನಮ್ಮ ಸರೋಜ ಇನ್ಮೇಲೆ ಬರೀ ಸರೋಜ ಅಲ್ಲ, ಬಿ.ಎಸ್ಸಿ. ಸರೋಜ." ಆ ಬಾಲವನ್ನು ನಾನು ಬಹಳ ದಿನ ಹೊತ್ತು ತಿರುಗಿದೆ. ಅದು ಕಷ್ಟಪಟ್ಟು ಸಂಪಾದಿಸಿದ್ದು. ಇವತ್ತಿಗೂ ಅದಕ್ಕೆ ನಾಚಿಕೆಯಿಲ್ಲ. ಅದರಿಂದ ಆದ ಕೇಡನ್ನೂ ಹೇಳಲೇಬೇಕು, ಹೇಳುತ್ತೇನೆ.

ಎಂಬತ್ತರ ದಶಕದ ನಡುವೆ ಚಿಕ್ಕಬಳ್ಳಾಪುರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದೆ. ಆಸ್ಪತ್ರೆಗೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಲ್ಲಿ ಮೂರು ಸಣ್ಣ ಕ್ಲಿನಿಕ್‌ಗಳಿದ್ದವು. ಅಲ್ಲಿ ಡಾಕ್ಟರ್ ವಾರಕ್ಕೆರಡು ದಿನ ಬಂದು ಹೋಗುವರು, ಉಳಿದ ದಿನ ಒಬ್ಬ ಸಿಸ್ಟರೋ ಕಾಂಪೌಂಡರೋ ನೋಡಿಕೊಳ್ಳುವರು. ಏನಾದರೂ ಸಂಶಯ ಬಂದರೆ ನಮಗೆ ಫೋನ್ ಮಾಡುವರು. ನಾವು ಬರೆದುಕೊಂಡು ಡಾಕ್ಟರಿಗೆ ತಲುಪಿಸಿ, ಅವರು ಹೇಳಿದ್ದನ್ನು ಮತ್ತೆ ಫೋನಿನಲ್ಲಿ ತಿಳಿಸಬೇಕು. ಇಡೀ ಕೆಲಸ ಇಷ್ಟೇ.

ನನ್ನ ಮೇಲಿನವರು ಖಾದರ್ ಸಾಹೇಬರು. ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಅಡಿಕೆಪುಡಿ, ಮಾತು ಕಡಿಮೆ. ಅವರ ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರು. ಅದಕ್ಕೆ ಒಂದು ಪೆನ್ನನ್ನು ಗೋಣಿ ದಾರದಲ್ಲಿ ಕಟ್ಟಿದ್ದರು. ಯಾವ ಲೈನಿನಲ್ಲಿ ಏನು ಬಂದರೂ ಆ ಒಂದೇ ಪುಸ್ತಕದಲ್ಲಿ, ಆ ಒಂದೇ ಪೆನ್ನಿನಲ್ಲಿ ಬರೆಯಬೇಕು. ನಾನು ಡಿಗ್ರಿಯವಳು. ದಾರ ಕಟ್ಟಿದ ಪೆನ್ನು ನೋಡಿ ನಗು ಬಂತು. ಎರಡೂ ಲೈನು ಒಟ್ಟಿಗೆ ಕೂಗಿದಾಗ ಸಾಹೇಬರು ಬರೆದು ಮುಗಿಸುವ ತನಕ ನಾನು ರಿಸೀವರ್ ಹಿಡಿದು "ಸ್ವಲ್ಪ ಇರಿ" ಅನ್ನಬೇಕಿತ್ತು. ಒಂದು ದಿನ ಬ್ಯಾಗಿನಿಂದ ನನ್ನದೇ ಪೆನ್ನು ತೆಗೆದು, ಅವರು ಬರೆಯುತ್ತಿದ್ದ ಪುಟದಲ್ಲೇ ಮೇಜಿನ ಈಚೆಯಿಂದ ಬರೆದೆ.

ಹತ್ತು ನಿಮಿಷಕ್ಕೆ ಡಾಕ್ಟರು ರಿಜಿಸ್ಟರ್ ಹಿಡಿದುಕೊಂಡೇ ಬಂದರು. "ರೀ, ಆರು ವರ್ಷದ ಹುಡುಗನಿಗೆ ಪ್ರಾಸ್ಟೇಟ್ ತೊಂದ್ರೆ ಅಂತ ಬರ್ದಿದೀರಲ್ರೀ!"

ಶಿಡ್ಲಘಟ್ಟದ ಹುಡುಗನ ಹೆಸರಿಗೆ ಗೌರಿಬಿದನೂರಿನ ಮುದುಕರ ಕಾಯಿಲೆ ಅಂಟಿಕೊಂಡಿತ್ತು. ನನ್ನ ಸಾಲು ಸಾಹೇಬರ ಸಾಲಿನ ಮೇಲೆ ಹತ್ತಿತ್ತು. ಡಾಕ್ಟರು ನಕ್ಕು ಹೋದರು. ಸಾಹೇಬರು ನಗಲಿಲ್ಲ.

"ಬೇಟಿ, ಪೆನ್ನು ಯಾರಾದ್ರೂ ಎತ್ಕೊಂಡು ಹೋಗ್ತಾರೆ ಅಂತ ಕಟ್ಟಿದೀನಿ ಅಂದ್ಕೊಂಡ್ಯಾ?"

"ಮತ್ಯಾಕೆ ಸಾಹೇಬ್ರೇ?"

"ನಿನ್ನ ಕೈ ಕಾಯ್ಲಿ ಅಂತ. ಒಬ್ರು ಬರೀವಾಗ ಇನ್ನೊಬ್ರು ಕಾಯ್ಬೇಕು. ಇಬ್ರೂ ಬುದ್ಧಿವಂತ್ರಾದ್ರೆ ಪೇಷಂಟ್ ಸಾಯ್ತಾನೆ."

ಮನಸ್ಸಿನಲ್ಲಿ ಮುದುಕಪ್ಪ ಎಂದುಕೊಂಡೆ. ಆಮೇಲೆ ಅವರು ನಿವೃತ್ತರಾದರು, ಹಳೆಯ ಟೆಲಿಫೋನ್ ಬೋರ್ಡ್ ಹೋಗಿ ಹೊಸದು ಬಂತು, ರಿಜಿಸ್ಟರ್ ಗೆದ್ದಲಿಗೆ ಹೋಯಿತು.

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಒಬ್ಬರು ದಾನಿಗಳು ಆಸ್ಪತ್ರೆಗೆ ಐದಾರು ಕಂಪ್ಯೂಟರ್ ಕೊಟ್ಟರು. ಅಷ್ಟರಲ್ಲಿ ನಾನು ಡ್ಯೂಟಿ ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ, ನನಗಿಂತ ಹದಿನೈದು ವರ್ಷ ಚಿಕ್ಕವರ ಪಕ್ಕ ಕೂತು ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದೆ. ಹೆರಿಗೆ ವಿಭಾಗದ ಡಾಕ್ಟರ್ ರೆಹಾನಾ ನನ್ನನ್ನು ಕರೆದು ಹೇಳಿದರು: "ಸರೋಜ, ಫೋನ್ ಬಂದಾಗೆಲ್ಲ ಕೈ ತೊಳ್ಕೊಂಡು ಓಡಿ ಬರಕ್ಕಾಗಲ್ಲ. ಅವರು ಅಲ್ಲಿಂದ ಬರೀಲಿ, ನಾನು ಇಲ್ಲಿ ನೋಡಿ ಉತ್ತರ ಬರೀತೀನಿ. ಅಂಥದ್ದೇನಾದ್ರೂ ಮಾಡಕ್ಕಾಗತ್ತಾ?"

ಆಗುತ್ತದೆ ಎಂದೆ. ಔಷಧಿ ಉಗ್ರಾಣದ ಮೂಲೆಯಲ್ಲಿ, ಗ್ಲೂಕೋಸ್ ಪೆಟ್ಟಿಗೆಗಳ ಪಕ್ಕ ಒಂದು ಕಂಪ್ಯೂಟರನ್ನು ಸರ್ವರ್ ಮಾಡಿದೆ. ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ಅದಕ್ಕೆ ಬೇಕಾದ್ದನ್ನೆಲ್ಲ ಹಾಕಿದೆ. ಮೂರು ಕ್ಲಿನಿಕ್‌ನವರು ತಮ್ಮ ಟೆಲಿಫೋನ್ ಲೈನನ್ನು ಮೋಡೆಮ್‌ಗೆ ಸಿಕ್ಕಿಸಿ ನಮಗೆ ಡಯಲ್ ಮಾಡುವರು. ಅದು ಕೀಚಲು ದನಿಯಲ್ಲಿ ಅರಚಿ ಸುಮ್ಮನಾದ ಮೇಲೆ ಬ್ರೌಸರಿನಲ್ಲಿ ನನ್ನ ಪುಟ ತೆರೆದುಕೊಳ್ಳುವುದು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಕೆಳಗಿನ ಗುಂಡಿ ಒತ್ತಿದರೆ ಆ ಮಾತು ಸರ್ವರಿಗೆ ಬಂದು ಒಂದು ಫೈಲಿಗೆ ಸೇರಿ ನಾಲ್ಕೂ ಪರದೆಯ ಮೇಲೆ ಕಾಣುತ್ತಿತ್ತು. ಉದ್ಘಾಟನೆಯ ದಿನ ನಮ್ಮ ಆಡಳಿತಾಧಿಕಾರಿ ಅಶ್ವತ್ಥಪ್ಪನವರು ಟ್ರಸ್ಟಿನವರ ಮುಂದೆ, "ಇದನ್ನ ಬೆಂಗಳೂರಿಂದ ತರಿಸಿದ್ದಲ್ಲ ಸಾರ್, ನಮ್ಮ ಬಿ.ಎಸ್ಸಿ. ಸರೋಜಮ್ಮ ಬರ್ದಿದ್ದು" ಎಂದರು. ಅಪ್ಪ ಬದುಕಿದ್ದರೆ ಎಂದುಕೊಂಡೆ.

ಒಂದು ತಿಂಗಳೂ ನೆಮ್ಮದಿಯಾಗಿರಲಿಲ್ಲ. ಪುಟ ನಿಧಾನವಾದರೆ ಜನ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. ಚಿಂತಾಮಣಿಯ ಕಾಂಪೌಂಡರ್ ರೆಡ್ಡಪ್ಪನಂತೂ ಆಟೋದ ಹಾರನ್ ಒತ್ತಿದ ಹಾಗೆ ಒತ್ತುತ್ತಿದ್ದ. ಒಂದೊಂದು ಒತ್ತಿಗೂ ಸರ್ವರಿನಲ್ಲಿ ನನ್ನ ಪ್ರೋಗ್ರಾಮಿನ ಒಂದೊಂದು ಪ್ರತಿ ಎದ್ದು ಕೂರುವುದು. ಇಪ್ಪತ್ತು ಸಲ ಒತ್ತಿದರೆ ಇಪ್ಪತ್ತು ಪ್ರತಿಗಳು ಒಂದನ್ನೊಂದು ತುಳಿದುಕೊಂಡು ಉಗ್ರಾಣದ ಆ ಬಡ ಕಂಪ್ಯೂಟರು ಗರಗರ ಎಂದು ನಿಂತೇಹೋಗುವುದು.

"ರೆಡ್ಡಪ್ಪ, ಒಂದ್ ಸಲ ಒತ್ತಿದ್ರೆ ಸಾಕಪ್ಪ."

"ಅಕ್ಕಾ, ಒಂದ್ಸಲ ಕರುದ್ರೆ ನಮ್ಮನೇವ್ಳೇ ಓ ಅನ್ನಲ್ಲ, ಈ ಡಬ್ಬ ಅಂತದಾ?"

ಆಗ ನಾನು ಮಾಡಿದ ಉಪಾಯವನ್ನು ಚೆನ್ನಾಗಿ ನೋಡಿಕೊಳ್ಳಿ. ಪ್ರೋಗ್ರಾಮನ್ನು ಸರಿಮಾಡಲಿಲ್ಲ, ಜನರನ್ನು ಸರಿಮಾಡಲು ಹೊರಟೆ. ಸ್ಕೆಚ್ ಪೆನ್ನಿನಲ್ಲಿ ಮೂರು ಚೀಟಿ ಬರೆದೆ: "ಒಂದು ಸಲ ಮಾತ್ರ ಒತ್ತಿ. ಉತ್ತರ ಬರುವವರೆಗೆ ಮತ್ತೆ ಒತ್ತಬೇಡಿ, ಲೈನ್ ಕೀಳಬೇಡಿ." ಬಸ್ಸಿನಲ್ಲಿ ಮೂರೂ ಊರಿಗೆ ಹೋಗಿ ನನ್ನ ಕೈಯಾರೆ ಪರದೆಯ ನೆತ್ತಿಗೆ ಅಂಟಿಸಿ ಬಂದೆ. ರೆಡ್ಡಪ್ಪ ಅದನ್ನು ಓದಿದನೋ ಇಲ್ಲವೋ. ಗೌರಿಬಿದನೂರಿನ ಸಿಸ್ಟರ್ ಲಲಿತಮ್ಮ ಎರಡು ಸಲ ಓದಿ ತಲೆಯಾಡಿಸಿದರು. ಅವರು ಆ ಕ್ಲಿನಿಕ್ ಶುರುವಾದಂದಿನಿಂದ ಅಲ್ಲಿದ್ದವರು, ಹೇಳಿದ ಮಾತು ಮೀರಿದವರಲ್ಲ. ಆ ಕಡೆಯ ಹಳ್ಳಿಗಳಲ್ಲಿ ಅರ್ಧ ಮಕ್ಕಳು ಅವರ ಕೈಗೇ ಹುಟ್ಟಿದ್ದವು.

ಒಂದು ಮಧ್ಯಾಹ್ನ ಆ ಕ್ಲಿನಿಕ್‌ಗೆ ನಾಗವೇಣಿ ಎಂಬ ಚೊಚ್ಚಲ ಬಸುರಿ ಬಂದಳು. ಬೆಳಗಿನಿಂದ ನೋವು, ಮಗು ಕೆಳಗಿಳಿಯುತ್ತಿಲ್ಲ. ಸಿಸ್ಟರ್ ಪರೀಕ್ಷೆ ಮಾಡಿ ನೋಡಿದರು, ಅನುಮಾನ ಬಂತು. ಜೀಪ್ ಇದ್ದದ್ದು ಚಿಕ್ಕಬಳ್ಳಾಪುರದಲ್ಲಿ, ಡಾಕ್ಟರ್ ಹೇಳಿದರೆ ಮಾತ್ರ ಹೊರಡುತ್ತಿತ್ತು. ಸಿಸ್ಟರ್ ಮೋಡೆಮ್ ಹಚ್ಚಿ ಸ್ಥಿತಿಯನ್ನೆಲ್ಲ ಬರೆದು, "ಜೀಪ್ ಕಳಿಸ್ತೀರಾ?" ಎಂದು ಕೇಳಿ, ಒಂದೇ ಸಲ ಗುಂಡಿ ಒತ್ತಿದರು. "ನಿಮ್ಮ ಸಂದೇಶ ತಲುಪಿದೆ" ಎಂಬ ಅರ್ಥದ ಇಂಗ್ಲಿಷ್ ಸಾಲು ಪರದೆಯ ಮೇಲೆ ಬಂತು. ಅಷ್ಟರಲ್ಲಿ ನಾಗವೇಣಿ ಕೂಗಿದಳು, ಎದ್ದು ಹೋದರು.

ಬಂದು ನೋಡಿದರು, ಉತ್ತರವಿಲ್ಲ. ತಮ್ಮ ಪ್ರಶ್ನೆಯೂ ಪರದೆಯ ಮೇಲಿಲ್ಲ. ಹೊಸ ಮಾತು ಬಂದ ಹಾಗೆ ಹಳೆಯದು ಕೆಳಕ್ಕೆ ಸರಿದು ಮರೆಯಾಗುತ್ತದೆ ಎಂದು ನಾನೇ ಕಲಿಸಿದ್ದೆ, ಹಾಗಾಗಿ ಅದು ಅವರಿಗೆ ವಿಚಿತ್ರ ಎನಿಸಲಿಲ್ಲ. ಅದೇ ಪರದೆಯಲ್ಲಿ ಡಾಕ್ಟರ್ ರೆಹಾನಾ ಚಿಂತಾಮಣಿಗೆ ಉತ್ತರ ಕೊಡುತ್ತಿರುವುದು ಕಾಣುತ್ತಿತ್ತು. ಡಾಕ್ಟರ್ ಇದ್ದಾರೆ, ಈಗ ನನ್ನ ಸರದಿ ಬರುತ್ತದೆ ಎಂದು ಕಾದರು. ಮತ್ತೆ ಒತ್ತೋಣವೇ? ನೆತ್ತಿಯ ಮೇಲೆ ಚೀಟಿ. ಫೋನ್ ಮಾಡೋಣವೇ? ಇರುವ ಒಂದೇ ಲೈನು ಮೋಡೆಮ್ಮಿಗೆ ಹೋಗಿದೆ, ಕೀಳಬೇಡಿ ಎಂದೂ ಚೀಟಿಯಲ್ಲೇ ಇದೆ. ಒಂದೂವರೆ ಗಂಟೆ ಕಾದು, ಕೊನೆಗೆ ವೈರ್ ಕಿತ್ತು ಫೋನ್ ಮಾಡಿದರು. ಜೀಪ್ ಹೋಗಿ ಕರೆತರುವಷ್ಟರಲ್ಲಿ ನಾಗವೇಣಿ ಬಿಳುಚಿಕೊಂಡಿದ್ದಳು. ಆಪರೇಶನ್ ಆಗಿ ಮಗು ಉಳಿಯಿತು. ರಕ್ತ ನಿಲ್ಲಲಿಲ್ಲ. ಗರ್ಭಕೋಶ ತೆಗೆಯಬೇಕಾಯಿತು. ಹುಡುಗಿಗೆ ಇಪ್ಪತ್ತೂ ತುಂಬಿರಲಿಲ್ಲ.

ಮರುದಿನ ಅಶ್ವತ್ಥಪ್ಪನವರ ಕೋಣೆಯಲ್ಲಿ ವಿಚಾರಣೆ. ಸಿಸ್ಟರ್ ಕೈಕಟ್ಟಿಕೊಂಡು ನಿಂತಿದ್ದರು.

"ನಾನು ಬರ್ದೆ ಸಾರ್. ಕಳ್ಸಿದೆ. ತಲುಪಿದೆ ಅಂತ ಬಂತು."

"ನಾನು ಮಧ್ಯಾಹ್ನ ಪೂರ್ತಿ ಅದರ ಮುಂದೇನೇ ಇದ್ದೆ," ಎಂದರು ಡಾಕ್ಟರ್ ರೆಹಾನಾ. "ಗೌರಿಬಿದನೂರಿಂದ ಒಂದಕ್ಷರ ಬರ್ಲಿಲ್ಲ."

ಅಶ್ವತ್ಥಪ್ಪನವರು ನನ್ನ ಕಡೆ ತಿರುಗಿದರು. "ಏನಮ್ಮ ಸರೋಜ?"

ನಾನು ಫೈಲನ್ನು ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. "ಫೈಲ್‌ನಲ್ಲಿ ಇಲ್ಲ ಸಾರ್. ಬಂದಿಲ್ಲ."

ಫೈಲಿನಲ್ಲಿ ಇಲ್ಲ ಎನ್ನುವುದು ನನ್ನ ಕಣ್ಣಿಗೆ ಕಂಡಿದ್ದು. ಬಂದಿಲ್ಲ ಎನ್ನುವುದು ನನ್ನ ಜಂಬ. ಎರಡನ್ನೂ ಒಂದೇ ಉಸಿರಿಗೆ ಹೇಳಿದೆ.

"ಕಂಪ್ಯೂಟರ್‌ಗೇನು ಸುಳ್ಳು ಹೇಳಕ್ಕೆ ಬರತ್ತಾ ಲಲಿತಮ್ಮ?" ಎಂದರು ಅಶ್ವತ್ಥಪ್ಪನವರು. ಸಿಸ್ಟರ್ ನನ್ನ ಮುಖ ನೋಡಿದರು. ಅಂದೇ ಸಸ್ಪೆನ್ಶನ್ ಆಯಿತು. ಹದಿನೈದು ದಿನದಲ್ಲಿ ಟ್ರಸ್ಟಿನ ಸಭೆ ಇತ್ತು, ಕೆಲಸದಿಂದಲೇ ತೆಗೆಯುವ ತೀರ್ಮಾನ ಅಲ್ಲಿ ಆಗುವುದಿತ್ತು. ಅದಕ್ಕೂ ಮೊದಲೇ ಗೌರಿಬಿದನೂರಿನ ಸುತ್ತ ಸುದ್ದಿ ಹರಡಿತ್ತು: ಸಿಸ್ಟರಮ್ಮ ನೋವು ತಿನ್ನೋ ಹುಡುಗೀನ ಮಲಗಿಸಿ ಸುಮ್ಮನೆ ಕೂತಿದ್ದಳಂತೆ, ಆಮೇಲೆ ಸುಳ್ಳು ಬೇರೆ ಹೇಳಿದಳಂತೆ.

ಆ ನೋಟ ನನ್ನನ್ನು ಬಿಡಲಿಲ್ಲ. ಮೂರನೆಯ ದಿನ ಉಗ್ರಾಣಕ್ಕೆ ಹೋಗಿ, ಅಲ್ಲಿಯವರೆಗೆ ಒಮ್ಮೆಯೂ ತೆರೆದಿರದ ಇನ್ನೊಂದು ಫೈಲನ್ನು ತೆರೆದೆ. ಅದನ್ನು ನನ್ನ ಪ್ರೋಗ್ರಾಂ ಬರೆಯುತ್ತಿರಲಿಲ್ಲ. ಬಾಗಿಲಲ್ಲಿ ಕೂತ ಕಾವಲುಗಾರನ ಹಾಗೆ ಯಾರು ಎಷ್ಟು ಹೊತ್ತಿಗೆ ಬಂದರು ಎಂದು ಸರ್ವರು ತಾನಾಗಿಯೇ ಬರೆದಿಡುತ್ತಿತ್ತು. ಆ ಮಧ್ಯಾಹ್ನಕ್ಕೆ ಬಂದೆ. ಗೌರಿಬಿದನೂರಿನ ಲೈನಿನಿಂದ ಒಂದು ಸಂದೇಶ ಬಂದಿದೆ. ಅದರ ಕೆಳಗಿನ ಸಾಲು ಚಿಂತಾಮಣಿಯದು. ಎರಡೂ ಅದೇ ಗಂಟೆ, ಅದೇ ನಿಮಿಷ, ಅದೇ ಸೆಕೆಂಡು.

ಕುರ್ಚಿ ಹಿಡಿದುಕೊಂಡು ನನ್ನದೇ ಪ್ರೋಗ್ರಾಮನ್ನು ಬೇರೆಯವರದು ಎಂಬಂತೆ ಓದಿದೆ. ಹೊಸ ಮಾತು ಮೇಲೇ ಕಾಣಲಿ ಎಂದು ಡಾಕ್ಟರ್ ಕೇಳಿದ್ದರು. ಅದಕ್ಕಾಗಿ ಪ್ರತಿ ಸಲವೂ ಹಳೆಯ ಫೈಲನ್ನು ಪೂರ್ತಿ ಓದಿ, ಹೊಸ ಮಾತನ್ನು ನೆತ್ತಿಗೆ ಸೇರಿಸಿ, ಇಡೀ ಫೈಲನ್ನು ಮತ್ತೆ ಬರೆಯುವ ಹಾಗೆ ಮಾಡಿದ್ದೆ. ಇಬ್ಬರು ಒಟ್ಟಿಗೆ ಬಂದರೆ? ಇಬ್ಬರೂ ಹಳೆಯದನ್ನೇ ಓದುತ್ತಾರೆ. ಸಿಸ್ಟರ್ ಮಾತು ಸೇರಿಸಿ ಒಂದು ಪ್ರತಿ ಬರೆಯುತ್ತದೆ. ಅದನ್ನು ನೋಡಿಯೇ ಇರದ ಇನ್ನೊಂದು ಪ್ರತಿ, ರೆಡ್ಡಪ್ಪನ ಮಾತು ಮಾತ್ರ ಸೇರಿಸಿ ಅದರ ಮೇಲೆಯೇ ಬರೆಯುತ್ತದೆ. "ತಲುಪಿದೆ" ಎಂದು ಇಬ್ಬರಿಗೂ ಹೇಳುತ್ತದೆ, ಏಕೆಂದರೆ ತಲುಪಿತೇ ಎಂದು ಫೈಲ್ ತೆರೆದು ನೋಡು ಎಂದು ನಾನು ಅದಕ್ಕೆ ಹೇಳಿಯೇ ಇರಲಿಲ್ಲ. ಒಂದು ಪುಸ್ತಕಕ್ಕೆ ಒಂದೇ ಪೆನ್ನು ಎನ್ನುವುದನ್ನು ಖಾದರ್ ಸಾಹೇಬರು ಗೋಣಿ ದಾರದಲ್ಲಿ ಕಟ್ಟಿ ತೋರಿಸಿದ್ದರು. ನಾನು ಒತ್ತಿದವರಿಗೆಲ್ಲ ಒಂದೊಂದು ಪೆನ್ನು ಕೊಟ್ಟಿದ್ದೆ.

ಪರೀಕ್ಷೆ ಮಾಡಿರಲಿಲ್ಲವೇ ಎಂದು ನೀವು ಕೇಳಬಹುದು. ನೂರು ಸಲ ಮಾಡಿದ್ದೆ, ಒಬ್ಬಳೇ ಕೂತು. ಒಬ್ಬರೇ ಕೂತು ಮಾಡಿದ ಪರೀಕ್ಷೆಯಲ್ಲಿ ಈ ತಪ್ಪು ಜನ್ಮದಲ್ಲಿ ಸಿಗುವುದಿಲ್ಲ.

ಅನುಮಾನವೇ ಬೇರೆ, ಕಣ್ಣಾರೆ ಕಾಣುವುದೇ ಬೇರೆ. ಭಾನುವಾರ ರೆಡ್ಡಪ್ಪನನ್ನು ಚಿಂತಾಮಣಿಯಿಂದ ಕರೆಸಿಕೊಂಡೆ. ಅವನನ್ನು ಒಂದು ಕಂಪ್ಯೂಟರ್ ಮುಂದೆ, ಡಾಕ್ಟರ್ ರೆಹಾನಾರನ್ನು ಪಕ್ಕದ ಕೋಣೆಯ ಇನ್ನೊಂದರ ಮುಂದೆ ಕೂರಿಸಿ, ನಡುವಿನ ಬಾಗಿಲಲ್ಲಿ ನಿಂತು "ಒಂದು, ಎರಡು, ಮೂರು" ಎಂದು ಕೂಗಿದೆ. ಇಬ್ಬರೂ ಒತ್ತಿದರು. ಎರಡೂ ಮಾತು ಬಂದವು. ಮತ್ತೆ ಕೂಗಿದೆ. ಬಂದವು. ಮೂವತ್ತು ಸಲ ಆಯಿತು.

"ಅಕ್ಕಾ, ವೇಲು ನೊಪ್ಪೇಸ್ತೋಂದಿ. ಬೆರಳು ಬಿದ್ದೋಗತ್ತೆ. ದಿನಾ ಒತ್ಬೇಡ ಒತ್ಬೇಡ ಅಂತೀರಾ, ಇವತ್ತು ಒತ್ತು ಒತ್ತು ಅಂತೀರಾ."

"ಸುಮ್ನೆ ಒತ್ತಪ್ಪ."

ಮನಸ್ಸಿನ ಒಂದು ಮೂಲೆ, ಎಲ್ಲವೂ ಬರಲಿ, ಒಂದೂ ಕಳೆಯದಿರಲಿ ಎಂದು ಬೇಡಿಕೊಳ್ಳುತ್ತಿತ್ತು. ಸುಳ್ಳು ಹೇಳುವುದಿಲ್ಲ. ನಲವತ್ತು ದಾಟಿದ ಮೇಲೆ ಒಂದು ಸಲ ರೆಹಾನಾ ಡಾಕ್ಟರ ಕೋಣೆಯಿಂದ ದನಿ ಬಂತು. "ಸರೋಜ, ನಂದು ಕಾಣಿಸ್ತಿಲ್ಲ. ರೆಡ್ಡಪ್ಪಂದು ಒಂದೇ ಇದೆ."

ರೆಡ್ಡಪ್ಪ ಕೈಯನ್ನು ಕೀಬೋರ್ಡಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅಂದ್ರೆ ಅವತ್ತು ನನ್ ಮಾತು ಸಿಸ್ಟರಮ್ಮನ ಮಾತ್ನ ನುಂಗ್ಬಿಡ್ತಾ ಅಕ್ಕಾ?"

"ಹೂಂ."

"ನಾನು ಹತ್ತಿ ಮುಗ್ದದೆ ಅಂತ ಬರ್ದಿದ್ದೆ," ಎಂದ. "ಬರೀ ಹತ್ತಿ."

ಡಾಕ್ಟರ್ ರೆಹಾನಾ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. "ನಾನು ಒಂದಕ್ಷರ ಬರ್ಲಿಲ್ಲ ಅಂದ್ಬಿಟ್ಟೆ ಅವರಿಗೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಸೋಮವಾರ ಅಶ್ವತ್ಥಪ್ಪನವರ ಬಳಿ ಹೋದೆ. ಅವರು ಕೆಟ್ಟವರಲ್ಲ. ಬಾಗಿಲು ಹಾಕಿ ಕೂರಲು ಹೇಳಿದರು.

"ನೋಡಮ್ಮ, ನೀನು ಮಾಡಿದ್ದನ್ನ ನೋಡಿ ಇನ್ನೆರಡು ಊರಿಗೂ ಹಾಕೋಣ ಅಂತಿದಾರೆ ಟ್ರಸ್ಟ್‌ನೋರು. ಈಗ ಹೋಗಿ ನನ್ ಪ್ರೋಗ್ರಾಂ ಸರಿಯಿಲ್ಲ ಅಂದ್ರೆ ಅದನ್ನೇ ಎತ್ತಿ ಬಿಸಾಕ್ತಾರೆ. ನಿನ್ನೂ ಮತ್ತೆ ಟೆಲಿಫೋನ್ ಬೋರ್ಡ್ ಮುಂದೆ ಕೂರಿಸ್ತಾರೆ. ಒಳಗೊಳಗೆ ಸರಿ ಮಾಡ್ಬಿಡು. ಲಲಿತಮ್ಮಂಗೆ ಹೇಗೂ ರಿಟೈರ್ ಆಗೋ ವಯಸ್ಸು."

"ರಿಟೈರ್ ಆಗೋದೂ, ಸುಳ್ಳುಗಾತಿ ಅನ್ನಿಸ್ಕೊಂಡು ಹೋಗೋದೂ ಒಂದೇನಾ ಸಾರ್?"

"ನಿಮ್ಮಂಥ ಮನೆಯಿಂದ ಬಂದೋರಿಗೆ ಇಂಥ ಅವಕಾಶ ಎರಡು ಸಲ ಬರಲ್ಲಮ್ಮ."

ಅದು ನಿಜ. ಆ ಮಾತು ನಾಟಿದ್ದೂ ನಿಜ. ನಾಲ್ಕು ದಿನ ನಾನು ಏನೂ ಮಾಡದೆ ಓಡಾಡಿದೆ. ಬಿ.ಎಸ್ಸಿ. ಸರೋಜ ತಪ್ಪು ಮಾಡಿದಳು ಎಂದರೆ ನನ್ನೊಬ್ಬಳ ತಪ್ಪಾಗಿ ಉಳಿಯುವುದಿಲ್ಲ, ಇಂಥವರಿಗೆಲ್ಲ ಯಾಕೆ ಕೊಟ್ಟಿರಿ ಎನ್ನುವ ಮಾತಾಗುತ್ತದೆ ಎಂದು ಹೆದರಿದ್ದೆ. ಓದಿದ ಮನೆಯಿಂದ ಬಂದವರಿಗೆ ಆ ಹೆದರಿಕೆಯನ್ನು ವಿವರಿಸಲಾರೆ.

ಸಭೆಯ ದಿನ ಒಳಗೆ ಹೋಗಿ ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟೆ. ಒಂದು ಬಾಗಿಲ ಕಾವಲುಗಾರನ ಫೈಲು, ಇನ್ನೊಂದು ಭಾನುವಾರದ ಪರೀಕ್ಷೆ. "ಸಿಸ್ಟರ್ ಬರ್ದಿದ್ದು ನಿಜ. ಬಂದಿದ್ದೂ ನಿಜ. ನನ್ನ ಪ್ರೋಗ್ರಾಂ ಅದನ್ನ ಅಳಿಸಿ ಹಾಕ್ತು. ಬಂದಿಲ್ಲ ಅಂತ ನಾನು ಹೇಳಿದ್ದು ತಪ್ಪು." ನಾನು ನಿಂತಲ್ಲೇ ಡಾಕ್ಟರ್ ರೆಹಾನಾ ಎದ್ದು, ಅದನ್ನು ತಾವೂ ಕಂಡಿದ್ದಾಗಿ ಹೇಳಿದರು. ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಸಿಸ್ಟರಿಗೆ ಮತ್ತೆ ಕೆಲಸಕ್ಕೆ ಬರಲು ಕಾಗದ ಹೋಯಿತು.

ಪ್ರೋಗ್ರಾಮನ್ನು ಸರಿಮಾಡಲು ಎರಡು ಸಲ ಬೇಕಾಯಿತು. ಮೊದಲು ಬೀಗದ ಉಪಾಯ ಮಾಡಿದೆ: ಬರೆಯಲು ಬಂದವರು ಪಕ್ಕದಲ್ಲಿ ಒಂದು ಖಾಲಿ ಫೈಲ್ ಇಡಬೇಕು, ಅದು ಇರುವವರೆಗೆ ಇನ್ನೊಬ್ಬರು ಕಾಯಬೇಕು, ಬರೆದಾದ ಮೇಲೆ ಅದನ್ನು ಅಳಿಸಬೇಕು. ನಾಲ್ಕನೆಯ ದಿನ ಒಬ್ಬರು ಬರೆಯುತ್ತಿರುವಾಗಲೇ ಕರೆಂಟ್ ಹೋಯಿತು. ಕರೆಂಟ್ ಬಂತು, ಬೀಗ ಹಾಗೇ ಉಳಿದಿತ್ತು, ಅದನ್ನು ಹಾಕಿದ ಪ್ರೋಗ್ರಾಮಿನ ಪ್ರತಿ ಸತ್ತಿತ್ತು. ಮೂರೂ ಊರು ಕಾಯುತ್ತಾ ಕೂತವು. ಬೀಗ ಹಾಕಿದ ಪ್ರತಿ ಸತ್ತರೆ ಬೀಗವೂ ತಾನಾಗಿ ಬಿಚ್ಚಿಕೊಳ್ಳುವಂಥ ಏರ್ಪಾಡು ಯಂತ್ರದಲ್ಲೇ ಇತ್ತು, ಅದನ್ನು ಪುಸ್ತಕದಲ್ಲಿ ಹುಡುಕಿ ಹಾಕಿದೆ. ಡಾಕ್ಟರ್ ಓದಿದ ಮೇಲೆ "ಓದಿದೆ" ಎಂದು ಬರೆದವರ ಪರದೆಗೆ ಹೋಗುವ ಹಾಗೆಯೂ ಮಾಡಿದೆ. ಹೇಳುವಷ್ಟು ಸಲೀಸಾಗಿ ಆಗಲಿಲ್ಲ, ಕೈ ಇಟ್ಟಲ್ಲೆಲ್ಲ ಇನ್ನೇನು ಮುರಿಯುತ್ತದೋ ಎನ್ನುವ ದಿಗಿಲು.

ಸಿಸ್ಟರ್ ಕೆಲಸಕ್ಕೆ ಮರಳಿ ಹದಿನೈದು ದಿನವಾದ ಮೇಲೆ ಗೌರಿಬಿದನೂರಿಗೆ ಹೋದೆ. ಅವರು ಸ್ಟೆರಿಲೈಜರಿನಿಂದ ಸೂಜಿಗಳನ್ನು ತೆಗೆಯುತ್ತಿದ್ದರು. ಕೂರು ಎನ್ನಲಿಲ್ಲ.

"ಸಿಸ್ಟರ್, ತಪ್ಪಾಯ್ತು."

"ಕಾಗದ ಬಂತು," ಎಂದರು. "ಪೆಟ್ಟಿಗೇಲಿ ಇಟ್ಟಿದೀನಿ. ಇಲ್ಲಿ ಯಾರು ಓದ್ತಾರೆ ಅದನ್ನ? ಹದಿನೈದು ದಿನಕ್ಕೆ ಒಬ್ಬ ಬಸುರಿ ಬಂದಿಲ್ಲ ನನ್ ಹತ್ರ. ಬಸ್ಸಲ್ಲಿ ಪಕ್ಕ ಕೂತೋಳು ಎದ್ದು ಹೋಗ್ತಾಳೆ."

"ನಾನೇನು ಮಾಡ್ಲಿ, ಹೇಳಿ."

"ಆ ಹುಡುಗಿಗೆ ಹೇಳಿದ್ರಾ?"

ಹೇಳಿರಲಿಲ್ಲ. ಹೇಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಟ್ರಸ್ಟಿಗೆ ಹೇಳಿದ್ದೆ, ಡಾಕ್ಟರಿಗೆ ಹೇಳಿದ್ದೆ.

"ನಡೀರಿ ಸರೋಜಮ್ಮ. ನಾನೂ ಬರ್ತೀನಿ. ನಾನು ಮಾತಾಡಲ್ಲ, ನೀವೇ ಹೇಳ್ಬೇಕು."

ನಾಗವೇಣಿಯ ಊರು ಪಿನಾಕಿನಿ ಹೊಳೆಯ ಆಚೆ, ರಾಜ್ಯದ ಗಡಿಗೆ ಹತ್ತಿರ. ಬಸ್ಸಿಳಿದು ಒಂದು ಮೈಲಿ ನಡೆದೆವು. ನಾಗವೇಣಿ ಜಗುಲಿಯ ಮೇಲೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಳು. ಸಿಸ್ಟರನ್ನು ನೋಡಿದ ಕೂಡಲೇ ಅವಳ ಅತ್ತೆ ಎದ್ದು ನಿಂತಳು.

"ಏಮಮ್ಮ, ಇನ್ನೇನು ಬಾಕಿ ಅದೆ ಅಂತ ಬಂದೆ?"

ಪಕ್ಕದ ಮನೆಗಳಿಂದ ಐದಾರು ಹೆಂಗಸರು ಬಂದು ನಿಂತರು. ಸಿಸ್ಟರ್ ಸೆರಗು ಹಿಡಿದು ನೆಲ ನೋಡುತ್ತಿದ್ದರು. ಟ್ರಸ್ಟಿನ ಮುಂದೆ ಎರಡು ಹಾಳೆ ಇದ್ದವು. ಇಲ್ಲಿ ಹಾಳೆ ನಡೆಯುವುದಿಲ್ಲ. "ತಪ್ಪು ಅವರದ್ದಲ್ಲ, ನಂದು," ಎಂದು ಶುರುಮಾಡಿದೆ. ಒಂದು ಪುಸ್ತಕ, ಇಬ್ಬರು ಒಟ್ಟಿಗೆ ಬರೆಯಲು ಬಂದರು, ಒಬ್ಬರು ಬರೆದಿದ್ದನ್ನು ಇನ್ನೊಬ್ಬರು ನೋಡದೆ ಅದರ ಮೇಲೇ ಬರೆದುಬಿಟ್ಟರು, ಆ ಪುಸ್ತಕ ಮಾಡಿದವಳು ನಾನು, ಕಾಯಿರಿ ಎಂದು ಚೀಟಿ ಬರೆದು ಅಂಟಿಸಿದವಳೂ ನಾನು. ಸಿಸ್ಟರ್ ಚೀಟಿ ಹೇಳಿದ ಹಾಗೆ ಕಾದರು, ಅಷ್ಟೇ.

ಅತ್ತೆ ಬಾಯಿಗೆ ಸೆರಗು ಹಚ್ಚಿ ಏನೋ ಶಪಿಸಿದಳು. ಅದು ನನಗೆ ಸಲ್ಲಬೇಕಾದದ್ದೇ. ನಾಗವೇಣಿ ಶಪಿಸಲಿಲ್ಲ, ಅಳಲಿಲ್ಲ.

"ನಾನು ನೋಡ್ತಾನೇ ಇದ್ದೆ," ಎಂದಳು. "ಸಿಸ್ಟರಮ್ಮ ಆ ಪೆಟ್ಗೆ ಹತ್ರ ಹೋಗೋರು, ಬರೋರು, ಹೋಗೋರು, ಬರೋರು. ಸುಮ್ನೆ ಕೂತಿರ್ಲಿಲ್ಲ ಅಂತ ನಾನೂ ಹೇಳ್ದೆ. ಯಾರ್ ಕೇಳ್ತಾರೆ?" ಆಮೇಲೆ ನನ್ನನ್ನು ಕೇಳಿದಳು. "ಈಗ ಸರಿ ಮಾಡಿದೀರಾ?"

"ಮಾಡಿದೀನಿ."

"ಹೆಂಗ್ ಗೊತ್ತು?"

"ಇಬ್ಬಿಬ್ರನ್ನ ಕೂರಿಸಿ ಒಟ್ಟಿಗೆ ಐನೂರು ಸಲ ಒತ್ತಿಸ್ದೆ. ಒಂದೂ ಕಳೀಲಿಲ್ಲ."

"ಐನೂರ ಒಂದ್ನೇದು?"

ಓದು ಬಾರದ ಹುಡುಗಿ ಕೇಳಿದ ಈ ಪ್ರಶ್ನೆಯನ್ನು ನನ್ನ ಉಳಿದ ನೌಕರಿಯಲ್ಲಿ ಯಾವ ಎಂಜಿನಿಯರೂ ಕೇಳಲಿಲ್ಲ. ಮಾತಾಡುವುದಿಲ್ಲ ಎಂದಿದ್ದ ಸಿಸ್ಟರ್ ಆಗ ತಲೆಯೆತ್ತಿದರು.

"ಐನೂರ ಒಂದ್ನೇದಕ್ಕೆ ನಾನು ಕಾಯಲ್ಲ ಕಣಮ್ಮ. ಎರಡು ನಿಮಿಷ ನೋಡ್ತೀನಿ. ಉತ್ತರ ಬರ್ಲಿಲ್ಲ ಅಂದ್ರೆ ವೈರ್ ಕಿತ್ತು ಬಿಸಾಕಿ ಫೋನ್ ಮಾಡ್ತೀನಿ. ಇವರು ಅಂಟಿಸಿದ್ ಚೀಟಿ ಹರ್ದು ಒಲೆಗೆ ಹಾಕಿದೀನಿ."

ಮಗು ಕುಯ್ಯಿಗುಟ್ಟಿತು. "ಎರಡು ದಿನದಿಂದ ಹಾಲು ಕಕ್ತಾ ಇದೆ, ನೋಡಿ," ಎಂದು ನಾಗವೇಣಿ ಅದನ್ನು ಎತ್ತಿದಳು. ಸಿಸ್ಟರಿಗಿಂತ ನಾನು ಹತ್ತಿರ ನಿಂತಿದ್ದೆ. ನನ್ನನ್ನು ದಾಟಿ ಕೈ ಚಾಚಿ, ಹೆಂಗಸರೆಲ್ಲ ನೋಡುತ್ತಿದ್ದ ಹಾಗೆ, ಮಗುವನ್ನು ಲಲಿತಮ್ಮನವರ ಕೈಗೆ ಕೊಟ್ಟಳು.